ಐದು ಭಾಗ ತಡವಾಗಿ

ಡೊಂಬಿವಲಿ (ಪೂರ್ವ)
೯ ಮಾರ್ಚ್ ೨೦೨೫

ಹಿರಿಯರಾದ ಶಂಕ್ರೆಪ್ಪನವರಿಗೆ ವೀರಭದ್ರಪ್ಪನ ನಮಸ್ಕಾರಗಳು.

ನಾವು ಮೂವರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಮೈಯಂತೂ ಎಲ್ಲರದೂ ನೆಟ್ಟಗಿದೆ. ಉಳಿದದ್ದನ್ನು ಹೇಳುವುದಕ್ಕೇ ಈ ಕಾಗದ.

ಭಾಗ್ಯಾಳ ಕಡೆಗೆ ನೀವು ಹೇಳಿಕಳಿಸಿದ ಮಾತು ನನಗೆ ಮುಟ್ಟಿತು. ದಾನೇಶ್ವರಿ ನಿಮ್ಮ ತಮ್ಮ ದಿಲೀಪನ ಮಗಳು, ನಿಮ್ಮ ಮನೆಯ ಕೂಸು. ಏಳನೆಯ ತರಗತಿ ಮುಗಿದ ಮೇಲೆ ಶಾಲೆಯಿಂದ ಟಿ.ಸಿ. ತೆಗೆಸಿ ಅವಳನ್ನು ವಿಜಯಪುರಕ್ಕೆ ಕಳಿಸಬೇಕು ಎಂದಿರಿ. ಪರರ ಮನೆಯಲ್ಲಿ ಬೆಳೆಯುವುದು ಬೇಡ ಎಂದೂ ಅಂದಿರಂತೆ. ಆ ಪರರು ನಾನೇ ಆದ್ದರಿಂದ ನಾನೇ ಉತ್ತರ ಬರೆಯುತ್ತಿದ್ದೇನೆ. ನಿಮಗೆ ಕಿವಿ ಕೇಳುವುದಿಲ್ಲ, ಫೋನಿನ ಮೆಸೇಜು ಮನೆಮಂದಿಯೆಲ್ಲ ಓದುತ್ತಾರೆ, ಏನಿದ್ದರೂ ಕಾಗದ ಬರೆಯಲಿ ಎಂದಿದ್ದೀರಿ. ನನಗೂ ಅದೇ ಅನುಕೂಲ. ಎದುರಿಗೆ ನಿಂತರೆ ನನಗೆ ಮಾತು ತೊದಲುತ್ತದೆ.

ದಿಲೀಪ ತೀರಿಹೋಗಿ ಎರಡೂವರೆ ವರ್ಷವಾಯಿತು. ಅವನ ಹೆಂಡತಿ ಭಾಗ್ಯಾಳನ್ನು ನಾನು ಉಡಿಕೆ ಮದುವೆಯಾಗಿ ಎಂಟು ತಿಂಗಳು. ಈ ಎಂಟು ತಿಂಗಳಲ್ಲಿ ದಾನು ನನ್ನ ಜೊತೆ ಆಡಿದ ಮಾತು ಒಂದು ಪುಟ ತುಂಬುವುದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಮುಗಿಸುತ್ತಾಳೆ. ‘ಹೋ ಗಯಾ’, ‘ನಹೀ ಚಾಹಿಯೇ’, ‘ಠೀಕ್ ಹೈ ಅಂಕಲ್’. ದಿಲೀಪ ಇದ್ದಾಗ ಮನೆಯಲ್ಲಿ ಬರೀ ಕನ್ನಡ ಮಾತಾಡುತ್ತಿದ್ದಳು ಎಂದು ಭಾಗ್ಯಾ ಹೇಳುತ್ತಾಳೆ. ಭಾಗ್ಯಾ ಕಲ್ಯಾಣದ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಆಯಾ ಕೆಲಸ ಮಾಡುವವಳು. ಅವಳಿಲ್ಲದ ದಿನ ನಾವಿಬ್ಬರೇ ಒಂದು ಕೋಣೆಯಲ್ಲಿ ಇರಬೇಕಾಗುತ್ತದೆ. ನನಗೆ ಹೆದರಿಕೆಯಾಗುತ್ತದೆ ಎಂದರೆ ನಗಬೇಡಿ.

ಮೊನ್ನೆ ದಿಲೀಪನ ಫೋಟೋ ಒರೆಸುವಾಗ ಗಾಜಿನ ಹಿಂದೆ ಐದು ಸಿನಿಮಾ ಟಿಕೆಟು ಕಂಡವು. ಅವು ಜಗತ್ತೇ ಹುಚ್ಚಾಗಿ ನೋಡುವ ಇಂಗ್ಲಿಷ್ ಚಿತ್ರದ ಐದು ಭಾಗಗಳವು. ನಮ್ಮ ಮನೆಯಲ್ಲಿ ಅದನ್ನು ‘ಬಾಗಿಲ ಸಿನಿಮಾ’ ಎನ್ನುತ್ತಾರೆ. ಆಕಾಶದಲ್ಲಿ ತೇಲುವ ಊರುಗಳು, ಒಂದರಿಂದ ಇನ್ನೊಂದಕ್ಕೆ ಹೋಗಲು ಬೆಳಕಿನ ಬಾಗಿಲು, ಬಾಗಿಲು ತೆರೆಯಬಲ್ಲ ಒಬ್ಬಳೇ ಹುಡುಗಿ. ದಾನು ನಾಲ್ಕು ವರ್ಷದವಳಿದ್ದಾಗಿನಿಂದ ಪ್ರತಿ ಭಾಗವನ್ನೂ ಅಪ್ಪನ ಜೊತೆಗೇ ನೋಡಿದ್ದಾಳೆ. ಆರನೆಯದು, ಕೊನೆಯದು, ಮೇ ೩೦ಕ್ಕೆ ಬರುತ್ತದೆ. ಯಾರ ಜೊತೆಗೂ ಹೋಗುವುದಿಲ್ಲ ಎಂದಿದ್ದಾಳೆ.

ನನಗೆ ನಲವತ್ತಾರು ವಯಸ್ಸು. ಇಂಥ ಸಿನಿಮಾ ಒಂದನ್ನೂ ನೋಡಿದವನಲ್ಲ. ಈಗ ಐದನ್ನೂ ನೋಡಿ ಮುಗಿಸಬೇಕು ಎಂದಿದ್ದೇನೆ. ಆಮೇಲೆ ಕೇಳಿದರೆ ನನ್ನ ಜೊತೆ ಬಂದಾಳು ಎಂಬ ಆಸೆ. ಒಂದು ಸಿನಿಮಾಕ್ಕೆ ಬಂದವಳು ಮನೆಯಲ್ಲೂ ಉಳಿದಾಳು ಎಂಬ ದೊಡ್ಡ ಆಸೆಯೂ ಇದೆ, ಮುಚ್ಚಿಡುವುದೇಕೆ. ಜೂನಿನ ತನಕ ಸಮಯ ಕೊಡಿ. ದಿಲೀಪ ಈ ಸಿನಿಮಾಗಳ ಬಗ್ಗೆ ನಿಮಗೇನಾದರೂ ಹೇಳಿದ್ದರೆ ದಯವಿಟ್ಟು ಬರೆಯಿರಿ.

ವೀರಭದ್ರಪ್ಪ


ವಿಜಯಪುರ
೧೮ ಮಾರ್ಚ್ ೨೦೨೫

ವೀರಭದ್ರಪ್ಪನವರಿಗೆ,

ಕಾಗದ ತಲುಪಿತು. ಅಕ್ಷರ ಚೆನ್ನಾಗಿದೆ.

ನೀವು ಕೆಟ್ಟವರು ಎಂದು ನಾನು ಅಂದಿಲ್ಲ. ಹುಡುಗಿ ನಮ್ಮವಳು ಎಂದಷ್ಟೇ ಅಂದೆ. ಇಲ್ಲಿ ಮನೆ ದೊಡ್ಡದಿದೆ, ಶಾಲೆ ಓಣಿಯ ಆಚೆಗೇ ಇದೆ. ಅಲ್ಲಿ ರಾಸಾಯನಿಕದ ವಾಸನೆಯಲ್ಲಿ, ಮಾತನಾಡದವರ ಜೊತೆ ಅವಳೇಕೆ ಇರಬೇಕು? ನೀವೇ ಬರೆದಿದ್ದೀರಿ, ಎಂಟು ತಿಂಗಳಲ್ಲಿ ಒಂದು ಪುಟ.

ಜೂನ್ ಎರಡನೆಯ ತಾರೀಖಿನ ತನಕ ಕಾಯುತ್ತೇನೆ. ಅಂದು ಸೋಮವಾರ, ಶಾಲೆಯ ಆಫೀಸು ತೆರೆದಿರುತ್ತದೆಯಂತೆ. ಟಿ.ಸಿ. ಫಾರ್ಮು ತಂದಿಟ್ಟುಕೊಳ್ಳಿ.

ಸಿನಿಮಾದ ವಿಷಯ ನನ್ನ ತಮ್ಮ ನನ್ನ ಹತ್ತಿರ ಏನೂ ಮಾತಾಡಿಲ್ಲ. ಕಿವುಡನ ಹತ್ತಿರ ಸಿನಿಮಾದ ಮಾತು ಯಾರು ಆಡುತ್ತಾರೆ?

ಶಂಕ್ರೆಪ್ಪ


ಡೊಂಬಿವಲಿ
೬ ಏಪ್ರಿಲ್ ೨೦೨೫

ಹಿರಿಯರಿಗೆ ನಮಸ್ಕಾರ.

ಫಾರ್ಮು ತಂದಿಟ್ಟಿದ್ದೇನೆ. ತುಂಬಿಲ್ಲ.

ಎರಡು ಭಾಗ ಮುಗಿಸಿದೆ. ಒಂದೇ ಕೋಣೆಯ ಮನೆಯಲ್ಲಿ ಅವಳ ಎದುರಿಗೆ ನೋಡಲು ನಾಚಿಕೆ. ಅದಕ್ಕೆ ವಾರದ ರಜೆಯ ದಿನ ಮಧ್ಯಾಹ್ನದ ಸ್ಲೋ ಲೋಕಲ್ ಹತ್ತುತ್ತೇನೆ. ಆ ಹೊತ್ತಿಗೆ ಗದ್ದಲ ಕಡಿಮೆ, ಕಿಟಕಿ ಸಿಗುತ್ತದೆ. ಕಿವಿಗೆ ವಯರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಹಿಂದಿಯದು ಹಾಕುತ್ತೇನೆ. ಡೊಂಬಿವಲಿಯಿಂದ ಮುಂಬೈಯ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಹೋಗಿ, ಇಳಿಯದೆ ಅದೇ ಗಾಡಿಯಲ್ಲಿ ವಾಪಸು ಬರುವಷ್ಟರಲ್ಲಿ ಒಂದು ಭಾಗ ಮುಗಿಯುತ್ತದೆ. ಮೊದಲನೆಯ ಯುದ್ಧ ಘಾಟ್‌ಕೋಪರಿನಲ್ಲಿ ಶುರುವಾಗಿ ದಾದರಿಗೆ ಮುಗಿಯಿತು. ಎರಡನೆಯ ಭಾಗದಲ್ಲಿ ಮುಖ್ಯ ಪಾತ್ರದವನೊಬ್ಬ ಸತ್ತಾಗ ನನ್ನ ಕಣ್ಣು ಒದ್ದೆಯಾಗಿ, ಎದುರಿನ ಚಂದ್ರಬಾಯಿ ಎಂಬ ಸೊಪ್ಪು ಮಾರುವ ಹೆಂಗಸು ಊರಿನಿಂದ ಕೆಟ್ಟ ಸುದ್ದಿ ಬಂತೇನು ಎಂದು ಕೇಳಿದಳು. ಹೌದು ಎಂದೆ. ಏನು ಹೇಳಲಿ?

ನಾನು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಅರ್ಧ ಗಂಟೆಗೊಮ್ಮೆ ಗೇಜು ನೋಡಿ, ಉಗಿಯ ಒತ್ತಡ ಎಷ್ಟು, ನೀರಿನ ಮಟ್ಟ ಎಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಬರೆಯದಿದ್ದರೆ ನನಗೆ ಏನೂ ನೆನಪಿರುವುದಿಲ್ಲ. ಆದ್ದರಿಂದ ಸಿನಿಮಾಕ್ಕೂ ಒಂದು ರಿಜಿಸ್ಟರು ಮಾಡಿದ್ದೇನೆ. ‘ಭಾಗ ೧, ನಿಮಿಷ ೪೧: ಕಬ್ಬಿಣದ ನಾಯಿ ಮಾತಾಡಿತು. ಭಾಗ ೨, ನಿಮಿಷ ೯೦: ಸತ್ತವನು ಎದ್ದು ಬಂದ. ಕಾರಣ ಕೊಟ್ಟಿಲ್ಲ.’ ಹೀಗೆ ಹದಿನಾಲ್ಕು ಪುಟ ಆಗಿದೆ.

ಒಂದು ವಿಷಯ ನನ್ನನ್ನು ಕಾಡುತ್ತಿದೆ. ಎರಡನೆಯ ಭಾಗದಲ್ಲಿ ಆ ಹುಡುಗಿಗೆ ಹೊಸ ಕಾವಲುಗಾರ ಬರುತ್ತಾನೆ. ಅವಳು ಅವನನ್ನು ಕಣ್ಣೆತ್ತಿ ನೋಡುವುದಿಲ್ಲ. ದಾನು ಇದನ್ನೆಲ್ಲ ನೋಡಿಯೇ ನನ್ನ ಜೊತೆ ಹಾಗಿದ್ದಾಳೆಯೇ? ಧೈರ್ಯ ಮಾಡಿ ಕೇಳಿದೆ, ಆ ಕಾವಲುಗಾರ ಮುಂದೆ ಏನಾಗುತ್ತಾನೆ ಎಂದು. ಅವಳು ಮೊಬೈಲಿನಿಂದ ತಲೆ ಎತ್ತಿದಳು. “ಆಪ್ ದೇಖ್ ರಹೇ ಹೋ?” ಎಂದಳು. ಮೂರು ಕ್ಷಣ ನನ್ನನ್ನೇ ನೋಡಿದಳು. “ವೋ ತೋ ಮರ್ ಜಾತಾ ಹೈ ಅಂಕಲ್. ಥರ್ಡ್ ಪಾರ್ಟ್ ಮೇ.”

ಅವನು ಸಾಯುತ್ತಾನಂತೆ. ಆದರೂ ಅವಳಾಗಿಯೇ ಇಷ್ಟುದ್ದ ಮಾತಾಡಿದಳಲ್ಲ ಎಂಬ ಸಂತೋಷಕ್ಕೆ ನನಗೆ ಅಂದು ಊಟ ಸೇರಲಿಲ್ಲ.

ವೀರಭದ್ರಪ್ಪ


ವಿಜಯಪುರ
೧೫ ಏಪ್ರಿಲ್ ೨೦೨೫

ವೀರಭದ್ರಪ್ಪನವರಿಗೆ,

ಬಾಯ್ಲರ್ ಕಾಯುವವರು ರೈಲಿನಲ್ಲಿ ಕುಳಿತು ಸಿನಿಮಾ ನೋಡಿ ಅಳುವುದನ್ನು ನಾನು ಈಗಲೇ ಕೇಳಿದ್ದು. ಕೆಲಸದ ಹೊತ್ತಿನಲ್ಲಿ ನೋಡುತ್ತಿಲ್ಲ ತಾನೇ? ನಮ್ಮ ಹುಡುಗಿ ಅಲ್ಲಿ ಆ ಕಾರ್ಖಾನೆಯಿಂದ ಎರಡು ಮೈಲಿ ದೂರದಲ್ಲಿ ಮಲಗುತ್ತಾಳೆ.

ಹುಡುಗಿ ಸರಿಯಾಗಿ ಉಣ್ಣುತ್ತಾಳೆಯೇ? ಶೇಂಗಾ ಚಟ್ನಿ ಹಿಂಡಿ ಕಳಿಸಿದ್ದೇನೆ. ರೊಟ್ಟಿಗೆ ಮೊಸರು ಕಲಸಿ ಕೊಡಿ, ಬರೀ ಹಿಂಡಿ ಅವಳಿಗೆ ಖಾರವಾಗುತ್ತದೆ.

ಇಷ್ಟೆಲ್ಲ ಬರೆದವರು ಮೊದಲನೆಯ ಭಾಗದಲ್ಲಿ ಬಾಗಿಲ ಹೊರಗೆ ಕುಳಿತಿರುವ ಮುದುಕನ ಬಗ್ಗೆ ಏನೂ ಬರೆಯಲಿಲ್ಲ.

ಶಂಕ್ರೆಪ್ಪ


ಡೊಂಬಿವಲಿ
೪ ಮೇ ೨೦೨೫

ಹಿರಿಯರಾದ ಶಂಕ್ರೆಪ್ಪನವರಿಗೆ,

ನೀವು ಗೆದ್ದಿರಿ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ನಿಮಗೆ ಸಂತೋಷ ಕೊಡುವ ಸುದ್ದಿಯನ್ನು ಬರೆಯಲು ನನಗೆ ಇಷ್ಟು ಸಂಕಟ ಆಗಬಾರದು, ಆಗುತ್ತಿದೆ.

ಏಪ್ರಿಲ್ ತಿಂಗಳು ಚೆನ್ನಾಗಿಯೇ ನಡೆದಿತ್ತು. ಐದೂ ಭಾಗ ಮುಗಿಸಿದೆ. ಪರೀಕ್ಷೆ ಮುಗಿದ ಮೇಲೆ ದಾನು ತಾನಾಗಿಯೇ ಎಷ್ಟಾಯಿತು ಎಂದು ಕೇಳುತ್ತಿದ್ದಳು. ಒಂದು ದಿನ ಹಿಂದಿಯ ನಡುವೆ ಎರಡು ಕನ್ನಡ ಮಾತು ಬಂದವು. ನಾನು ಗೊತ್ತಾಗದವನಂತೆ ಇದ್ದೆ. ಎಲ್ಲಿ ನಿಂತುಬಿಡುತ್ತದೋ ಎಂಬ ಭಯ.

ಗುರುವಾರ, ಮಹಾರಾಷ್ಟ್ರ ದಿನದ ರಜೆ. ಭಾಗ್ಯಾ ಆಸ್ಪತ್ರೆಗೆ ಹೋಗಿದ್ದಳು. ನಾನು ಅವಲಕ್ಕಿ ಮಾಡಿದ್ದೆ. ತಿನ್ನುತ್ತಾ ತಿನ್ನುತ್ತಾ ಅವಳು ನೀವು ಕೇಳಿದ್ದ ಆ ಮುದುಕನ ವಿಷಯ ತೆಗೆದಳು. ಅವನು ಆ ಹುಡುಗಿಯ ಸೋದರಮಾವ ಎಂದಳು. ವೈರಿಗಳು ಬಂದಾರು ಎಂದು ಅವಳನ್ನು ಒಳಗೆ ಬಿಟ್ಟು ಬೀಗ ಹಾಕಿ, ತಾನು ಹಗಲೂ ರಾತ್ರಿ ಹೊರಗೆ ಕಾಯುತ್ತಾನೆ, ತಾನು ಉಣ್ಣದೆ ಅವಳಿಗೆ ಊಟ ಕೊಡುತ್ತಾನೆ ಎಂದಳು. ಕೈ ಆಡಿಸಿ, ಮುಖ ಅರಳಿಸಿ ಹೇಳಿದಳು. ಹತ್ತು ತಿಂಗಳಲ್ಲಿ ನಾನು ಆ ಮುಖವನ್ನು ನೋಡಿಯೇ ಇರಲಿಲ್ಲ.

ಆಗ ನಾನು ಏನು ಮಾಡಿದೆ ಗೊತ್ತೇ? ಇಲ್ಲಮ್ಮ, ಅವನು ಜೈಲರ್ ಎಂದೆ. ರಿಜಿಸ್ಟರು ತೆಗೆದು ಓದಿದೆ. ‘ಭಾಗ ೧, ನಿಮಿಷ ೫೨: ಮುದುಕ ಸೆರೆಮನೆಯ ಕಾವಲಿನವನು. ಹುಡುಗಿಯನ್ನು ಹಣಕ್ಕೆ ಹಿಡಿದಿಟ್ಟಿದ್ದಾನೆ.’ ಅವಳು ತಟ್ಟೆಯ ಕಡೆ ತಲೆ ತಗ್ಗಿಸಿದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಂಬಿಕೆ ಬರಲಿಲ್ಲವೇನೋ ಎಂದು ಮೊಬೈಲಿನಲ್ಲಿ ಅದೇ ಜಾಗ ತೆಗೆದು ಮುಂದೆ ಹಿಡಿದೆ. ಗೇಜು ಒಂದು ಹೇಳಿ ಹೆಲ್ಪರ್ ಇನ್ನೊಂದು ಬರೆದರೆ ನಾನು ಇಪ್ಪತ್ತೆರಡು ವರ್ಷದಿಂದ ಮಾಡಿದ್ದು ಇದನ್ನೇ.

ಅವಳು ಪೂರ್ತಿ ನೋಡಿದಳು. ಆಮೇಲೆ “ಆಪ್ ಕೋ ಚೆಕ್ ಕರನೇ ಕೋ ಕಿಸ್ನೇ ಬೋಲಾ?” ಎಂದಳು, ಸರಿಯೋ ತಪ್ಪೋ ನೋಡಿ ಎಂದು ನಿಮಗೆ ಯಾರು ಹೇಳಿದರು ಎಂದು. ಜೋರಾಗಿ ಏನೂ ಅಲ್ಲ. ತಟ್ಟೆ ತೊಳೆದಿಟ್ಟಳು. ಫೋಟೋದ ಹಿಂದಿನ ಐದೂ ಟಿಕೆಟು ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಭಾಗ್ಯಾ ಬಂದ ಮೇಲೆ ವಿಜಯಪುರಕ್ಕೆ ಹೋಗುತ್ತೇನೆ ಎಂದಳು.

ಸೋದರಮಾವನ ಕಥೆ ಅವಳಿಗೆ ಹೇಳಿದ್ದವನು ದಿಲೀಪನೇ ಎಂದು ನನಗೆ ಆಗ ಹೊಳೆಯಿತು. ಅಪ್ಪ ತನಗೆ ಸುಳ್ಳು ಹೇಳಿದ್ದ ಎಂದು ಆ ಹುಡುಗಿಗೆ ಅಂದು ನನ್ನಿಂದ ಗೊತ್ತಾಯಿತು. ಸತ್ತವನ ಮೇಲೆ ನಾನು ತಪ್ಪು ಹೊರಿಸಿದ ಹಾಗಾಯಿತು. ನನಗೆ ದಿಲೀಪನ ಫೋಟೋ ಕಡೆ ನೋಡಲು ಆಗುತ್ತಿಲ್ಲ.

ಫಾರ್ಮು ತುಂಬಿದ್ದೇನೆ, ಭಾಗ್ಯಾ ಸಹಿ ಮಾಡಿದ್ದಾಳೆ. ನನ್ನ ಜೊತೆ ಮಾತಾಡುತ್ತಿಲ್ಲ, ಈಗ ಇಬ್ಬರೂ ಮಾತಾಡುತ್ತಿಲ್ಲ. ಸಿನಿಮಾದ ಎರಡು ಟಿಕೆಟು ಮೊದಲೇ ಬುಕ್ ಮಾಡಿದ್ದೆ, ಠಾಣೆ ಊರಿನ ಘೋಡಬಂದರ್ ರಸ್ತೆಯ ಮಾಲಿನಲ್ಲಿ, ಹಿಂದಿ ಆಟ. ಅದನ್ನು ಯಾರಿಗೆ ಕೊಡಲಿ ಎಂದು ತಿಳಿಯುತ್ತಿಲ್ಲ.

ಒಂದು ಮಾತು. ದಿಲೀಪ ನಿಮಗೆ ಏನೂ ಹೇಳಿರಲಿಲ್ಲ ಎಂದು ಬರೆದಿದ್ದಿರಿ. ಹಾಗಾದರೆ ಬಾಗಿಲ ಹೊರಗಿನ ಮುದುಕನ ವಿಷಯ ನಿಮಗೆ ಹೇಗೆ ಗೊತ್ತು? ಕೇಳಿ ಜಗಳ ಮಾಡುವ ಯೋಗ್ಯತೆ ನನಗಿಲ್ಲ. ಗೊತ್ತಿದ್ದರೆ ಹೇಳಿ.

ವೀರಭದ್ರಪ್ಪ


ವಿಜಯಪುರ
೨೨ ಮೇ ೨೦೨೫

ಪ್ರಿಯ ವೀರಭದ್ರಪ್ಪ,

ನಿಮ್ಮ ಕಾಗದ ಮೇ ಒಂಬತ್ತಕ್ಕೇ ಬಂತು. ಓದಿ ಸಂತೋಷಪಟ್ಟೆ. ಅದೇ ದಿನ ಬಡಗಿಯನ್ನು ಕರೆಸಿ ಹುಡುಗಿಗೆ ಮಂಚ ಹೇಳಿದೆ. ಮಂಚ ಬಂದು ನಾಲ್ಕು ದಿನವಾಯಿತು. ಅದನ್ನು ನೋಡಿದಾಗಲೆಲ್ಲ ನಿಮ್ಮ ಕಾಗದ ನೆನಪಾಗುತ್ತದೆ. ಇನ್ನು ಮುಚ್ಚಿಟ್ಟುಕೊಳ್ಳಲಾರೆ.

ನಾನು ನಿಮಗೆ ಸುಳ್ಳು ಬರೆದಿದ್ದೆ. ದಿಲೀಪ ಎಲ್ಲವನ್ನೂ ನನಗೆ ಹೇಳುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನಾನು ಎತ್ತಿ ಆಡಿಸಿದವನು. ಪ್ರತಿ ಭಾಗ ಬಂದ ಮೇಲೆ ಊರಿಗೆ ಬಂದಾಗ ಸ್ಲೇಟು ಹಿಡಿದು ಕೂರುತ್ತಿದ್ದ. ಕಥೆ ಬರೆಯುವುದು, ನಾನು ಓದುವುದು, ಒರೆಸುವುದು. ಇಬ್ಬರೂ ನಕ್ಕು ನಕ್ಕು ಸಾಕಾಗುತ್ತಿತ್ತು.

ಮಗಳಿಗೆ ಇಂಗ್ಲಿಷ್ ಬರಲಿ ಎಂದು ಇಂಗ್ಲಿಷ್ ಆಟಕ್ಕೇ ಕರೆದೊಯ್ಯುತ್ತಿದ್ದ. ಅವನು ಕಲ್ಯಾಣದ ಗೋದಾಮಿನಲ್ಲಿ ಲೋಡಿಂಗ್ ಮಾಡುವವನು, ಅವನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಮೊದಲನೆಯ ಭಾಗದಲ್ಲಿ ಕತ್ತಲೆಯಾದ ಕೂಡಲೇ ಹುಡುಗಿ ಏನಾಯಿತು ಅಪ್ಪಾ ಎಂದು ಕೇಳಿದಳಂತೆ. ನನಗೆ ತಿಳಿಯಲಿಲ್ಲ ಎಂದು ನಾಲ್ಕು ವರ್ಷದ ಮಗಳಿಗೆ ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದ, ತೋಚಿದ್ದನ್ನು. ಒಮ್ಮೆ ಮುದುಕನನ್ನು ಸೋದರಮಾವ ಎಂದ ಮೇಲೆ ಐದೂ ಭಾಗಕ್ಕೆ ಅದನ್ನು ಎಳೆದುಕೊಂಡು ಹೋಗಬೇಕಾಯಿತು. ‘ಅಣ್ಣಾ, ಮುಂದಿನ ಭಾಗದಾಗ ಅಂವ ಹುಡುಗೀನ ಹೊಡದ್ರ ಏನ್ ಹೇಳ್ಲಿ?’ ಎಂದು ಸ್ಲೇಟಿನ ಮೇಲೆ ಬರೆದು ನನ್ನನ್ನೇ ಕೇಳುತ್ತಿದ್ದ.

ಆ ಸೋದರಮಾವ ನಮ್ಮವನೇ. ನಮ್ಮ ವಿಠಲ ಮಾವ. ದಿಲೀಪ ಐದು ವರ್ಷದವನಿದ್ದಾಗ ಊರಲ್ಲಿ ಹೊಡೆದಾಟವಾಯಿತು. ಮಾವ ಅವನನ್ನೂ ಮನೆಯ ಹೆಂಗಸರನ್ನೂ ಒಳಗೆ ಬಿಟ್ಟು ಬೀಗ ಹಾಕಿ, ಎರಡು ದಿನ ಹೊರಗೆ ಕೂತಿದ್ದ. ಕಿಟಕಿಯಿಂದ ರೊಟ್ಟಿ ಕೊಡುತ್ತಿದ್ದ. ಅದನ್ನು ದಿಲೀಪ ಮರೆತಿರಲಿಲ್ಲ.

ಮೊನ್ನೆ ನನ್ನ ಮಗ ಸುನಿಲನ ಮೊಬೈಲು ಇಸಿದುಕೊಂಡು ನಾನೂ ಮೊದಲನೆಯ ಭಾಗ ನೋಡಿದೆ. ಅರವತ್ತು ವಯಸ್ಸಿಗೆ. ನನಗೆ ಶಬ್ದವಿಲ್ಲ, ಬರೀ ಚಿತ್ರ. ಮುದುಕ ಬೀಗ ಹಾಕುತ್ತಾನೆ, ಹೊರಗೆ ಕೂರುತ್ತಾನೆ, ಕಿಂಡಿಯಿಂದ ಊಟ ಕೊಡುತ್ತಾನೆ. ವೀರಭದ್ರಪ್ಪ, ಮಾತು ಕೇಳಿಸದೆ ನೋಡಿದರೆ ಅವನು ಕಾಯುವವನ ಹಾಗೆಯೇ ಕಾಣುತ್ತಾನೆ. ನಿಮ್ಮ ರಿಜಿಸ್ಟರಿನಲ್ಲಿ ಬರೆದದ್ದು ಸರಿ ಇರಬಹುದು. ನನ್ನ ತಮ್ಮನಿಗೆ ಕಂಡದ್ದೂ ಪರದೆಯ ಮೇಲೆ ಇದ್ದದ್ದೇ.

ಇದನ್ನು ಮಾರ್ಚಿನಲ್ಲೇ ಬರೆದಿದ್ದರೆ ನೀವು ತಪ್ಪು ಮಾಡುತ್ತಿರಲಿಲ್ಲ. ನೀವು ತಪ್ಪು ಮಾಡಲಿ ಎಂದೇ ನಾನು ಬರೆಯಲಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಹುಡುಗಿಗೆ ಈ ಕಾಗದ ಓದಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಅವಳು ಬಂದರೆ ಮಂಚವಿದೆ. ಬರಲೇಬೇಕು ಎಂದು ಇನ್ನು ನಾನು ಹೇಳುವುದಿಲ್ಲ.

ಶಂಕ್ರೆಪ್ಪ


ಡೊಂಬಿವಲಿ
೧ ಜೂನ್ ೨೦೨೫

ಪೂಜ್ಯ ಅಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಮಂಗಳವಾರ ಬಂತು. ದಾನುಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ನಾನೇ ಓದಿ ಹೇಳಬೇಕಾಯಿತು. ನಿಮ್ಮ ತಪ್ಪು, ನನ್ನ ತಪ್ಪು ಎರಡನ್ನೂ ಬಿಡದೆ ಓದಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು. ಮುಗಿದ ಮೇಲೆ ಮೊಬೈಲು ಕೈಗೆತ್ತಿಕೊಂಡಳು. ಇಷ್ಟು ಹೊತ್ತು ಓದಿದ್ದು ದಂಡವಾಯಿತೇ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ತಲೆ ಬಾಚಿಕೊಂಡು ಬಂದು, “ಕಿತನೇ ಬಜೇ ಕಾ ಶೋ ಹೈ?” ಎಂದು ಆಟದ ಹೊತ್ತು ಕೇಳಿದಳು.

ಠಾಣೆಯ ತನಕ ಲೋಕಲ್ಲು, ಅಲ್ಲಿಂದ ಬಸ್ಸು. ರಿಜಿಸ್ಟರು ಮನೆಯಲ್ಲಿಯೇ ಬಿಟ್ಟಿದ್ದೆ. ಥಿಯೇಟರಿನಲ್ಲಿ ಒಂದು ಗಂಟೆ ಕಲ್ಲಿನ ಹಾಗೆ ಕೂತಿದ್ದೆ. ಸಿನಿಮಾಕ್ಕಿಂತ ಹೆಚ್ಚು ಅವಳನ್ನೇ ನೋಡಿದೆ. ಬರುವ ಸೋಮವಾರ ಟಿ.ಸಿ. ಕೊಡಿಸುವವನಿಗೆ ಇನ್ನೇನು ಕಂಡೀತು?

ಅಷ್ಟರಲ್ಲಿ ಅವಳು ನನ್ನ ಕಡೆ ಬಾಗಿ, ಕನ್ನಡದಲ್ಲಿ, “ಅಂಕಲ್, ನಿಮಗ ತಿಳ್ಯಾಕತ್ತೈತೇನು?” ಎಂದಳು.

ನನಗೆ ಎಲ್ಲವೂ ತಿಳಿಯುತ್ತಿತ್ತು. ಐದು ಭಾಗ ಬರೆದಿಟ್ಟವನು ನಾನು. “ಇಲ್ಲವ್ವ” ಎಂದೆ.

ಅವಳು ಹೇಳತೊಡಗಿದಳು. ಕಿವಿಯ ಹತ್ತಿರ, ಅರ್ಧ ಕನ್ನಡ, ಸಿಗದ ಕಡೆ ಹಿಂದಿ, ಮರಾಠಿ. ಪರದೆಯ ಮೇಲೆ ಆ ಹುಡುಗಿ ತಾನು ಸೆರೆಯಿದ್ದ ಮನೆಗೆ ವಾಪಸು ಬಂದು ಸಿಟ್ಟಿನಿಂದ ಅದಕ್ಕೆ ಬೆಂಕಿ ಇಡುತ್ತಾಳೆ. ದಾನು ಹೇಳಿದಳು, “ಮಾವ ಇಲ್ಲೇ ಎಲ್ಲೋ ಅದಾನ. ಥಂಡಿ ಐತಲ್ಲ, ಅವಂಗ ಕಾಸ್ಕೊಳ್ಳಾಕ ಹಚ್ಯಾಳ.” ಹಿಂದಿನ ಸೀಟಿನವರು ಎರಡು ಸಲ ಶ್ ಎಂದರು. ಅವಳು ನಿಲ್ಲಿಸಲಿಲ್ಲ. ನಾನು ಹೂಂ ಎನ್ನುತ್ತಾ ಕೂತೆ. ಕಣ್ಣಿನಿಂದ ನೀರು ಬಂತು, ಕತ್ತಲೆಯಿತ್ತು, ಒರೆಸಿಕೊಳ್ಳಲಿಲ್ಲ.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆವು. ಮೆಟ್ರೋ ಕೆಲಸದ ಧೂಳು, ಬಸ್ಸಿನ ಸುಳಿವಿಲ್ಲ. ಅವಳು ರಸ್ತೆ ನೋಡುತ್ತಾ ಮಾತಾಡಿದಳು. ಅವಳು ಹೇಳಿದ್ದನ್ನು ಒಂದು ಅಕ್ಷರ ಬದಲಿಸದೆ ನಿಮಗೆ ಬರೆಯುತ್ತೇನೆ.

“ನಿಮಗ ಎಲ್ಲಾ ತಿಳೀತಿತ್ತು, ನನಗ ಗೊತ್ತೈತಿ. ಅಪ್ಪ ಹೇಳೋದು ಗಲತ್ ಅಂತ ನನಗ ಫಿಫ್ತ್ ಪಾರ್ಟಿನ್ಯಾಗೇ ಗೊತ್ತಾಗಿತ್ತು. ನಾ ಇಂಗ್ಲಿಷ್ ಮೀಡಿಯಮ್ ಅಲ್ಲೇನು. ನಾ ಅಪ್ಪಗ ಹೇಳ್ಲಿಲ್ಲ. ಸುಮ್ನ ಕೇಳ್ದೆ. ನೀವ್ ಯಾಕ ಹೇಳಿದ್ರಿ?”

ಆಗಿನ್ನೂ ಹತ್ತು ವರ್ಷದ ಹುಡುಗಿ ಅಪ್ಪನ ಮರ್ಯಾದೆ ಕಾದುಕೊಂಡು ಕತ್ತಲೆಯಲ್ಲಿ ಕೂತಿದ್ದಳು. ನಾನು ಅವಳಿಗೆ ನಿಜ ಕಲಿಸಲು ಹೋಗಿದ್ದೆ. ತಪ್ಪಾಯಿತು ಎಂದೆ. ಎರಡು ಸಲ ಎಂದೆ.

ಬಸ್ಸು ದೂರದಲ್ಲಿ ಕಂಡ ಮೇಲೆ ಅವಳು ಬ್ಯಾಗು ಹೆಗಲಿಗೆ ಏರಿಸಿಕೊಂಡು, “ಇವತ್ತ ಕೇಳಿದ್ರಲ್ಲ, ಹಂಗ ಸುಮ್ನ ಕೇಳ್ತೀರಿ ಅಂದ್ರ ನಾ ಇಲ್ಲೇ ಇರ್ತೀನಿ” ಎಂದಳು.

ಕೇಳುತ್ತೇನೆ ಎಂದೆ.

ನಿಮ್ಮ ವೀರಭದ್ರಪ್ಪ